ಗಾಜಿನ ಮೇಲಿನ ಮಬ್ಬು

ಗಲ್ಫಿನ ನಮ್ಮೂರಿನ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ವೀಸಾ ಫೋಟೋ ತೆಗೆಯುತ್ತಿದ್ದ ಆ ಉಡುಪಿಯವರು ಯಾವ ಕೆಲಸ ಹಿಡಿದರೂ ಮೊದಲು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಆಮೇಲೆ, ಇಲ್ಲಿನ ಅರಬರ ಹಾಗೆ, "ಯಲ್ಲಾ, ನೋಡುವ" ಎನ್ನುತ್ತಿದ್ದರು.

ಮಗಳು ಐಸ್ ಹಾಕಿಯಲ್ಲಿ ಮೊದಲ ಗೋಲು ಹೊಡೆದ ದಿನ ನಾನು ಅವರಲ್ಲಿಗೆ ಓಡಿದೆ. ಅವರು ಆಡುವ ಐಸ್ ರಿಂಕಿನ ಸುತ್ತಲಿನ ಗಾಜಿನ ಈಚೆಯಿಂದ ಮೊಬೈಲಿನಲ್ಲಿ ತೆಗೆದದ್ದು ಒಂದೇ ಫೋಟೋ. ಅದರಲ್ಲೂ ಅವಳ ಮುಖ ಬಿಳಿ ಮಬ್ಬಿನಲ್ಲಿ ಮುಚ್ಚಿಹೋಗಿತ್ತು.

"ಒಂದು ಬಟನ್ ಒತ್ತಿದರೆ ಸರಿಯಾಗ್ತದಂತಲ್ಲ, ಅಣ್ಣ?"

"ಆಗ್ತದೆ. ಆದರೆ ಅದು ಬೆಳ್ಳಗಿದ್ದದ್ದನ್ನೆಲ್ಲ ಮಬ್ಬೂಂತ ತಿಳೀತದೆ, ಐಸೂ ಡಾಮರಿನ ಹಾಗೆ ಕಪ್ಪಾಗ್ತದೆ. ಅಂಥ ಫೋಟೋ ಈ ಅಂಗಡಿಯಿಂದ ಹೊರಗೆ ಹೋಗುದಿಲ್ಲ ಅಕ್ಕ."

ಕಂಪ್ಯೂಟರಿನಲ್ಲಿ ಮಬ್ಬಿದ್ದ ಜಾಗವನ್ನಷ್ಟೇ ಹಿಡಿದು, ಚೂರುಚೂರಾಗಿ ತಿಳಿಯಾಗಿಸತೊಡಗಿದರು. ತರಿಸಿದ ಚಹಾ ಆರಿಹೋಯಿತು. ಮೊದಲು ಹೆಲ್ಮೆಟ್ಟಿನ ಕಂಬಿಗಳು ಕಂಡವು, ಆಮೇಲೆ ನಗುತ್ತಿದ್ದ ಕಣ್ಣುಗಳು. ಅಷ್ಟರಲ್ಲಿ ಅವರ ಕೈ ನಿಂತಿತು.

"ಇದು ಬಾಯಿಯ ಆವಿ. ಗಾಜಿಗೆ ಮುಖ ಒತ್ತಿ ಬೊಬ್ಬೆ ಹಾಕಿದ್ರಾ?"

ನಾಚಿಕೆಯಾಯಿತು. ಹೌದೆಂದೆ.

ಪ್ರಿಂಟಿನಲ್ಲಿ ಐಸ್ ಬೆಳ್ಳಗೇ ಇತ್ತು. ಮಗಳ ಹುಬ್ಬಿನ ಬೆವರೂ ಕಾಣುತ್ತಿತ್ತು. ಆದರೆ ಕೆಳಗಿನ ಮೂಲೆಯಲ್ಲಿ ಹೆಬ್ಬೆರಳಗಲದ ಮಬ್ಬು ಹಾಗೇ ಇತ್ತು. ಇಷ್ಟು ಹೊತ್ತು ಕಾಯಿಸಿ ಇದೇನು ಎಂದು ನನಗೆ ರೇಗಿತು.

"ಇಲ್ಲೊಂದು ಉಳಿದುಬಿಟ್ಟಿದೆಯಲ್ಲ!"

ಅವರು ಕನ್ನಡಕ ತೆಗೆದು ಒರೆಸಿದರು.

"ಬೇಕೂಂತಲೇ ಬಿಟ್ಟದ್ದು. ಗೋಲು ಹೊಡೆಯುವಾಗ ಅಮ್ಮ ಎಲ್ಲಿದ್ರು ಅಂತ ನಾಳೆ ಅವಳು ಕೇಳಿದ್ರೆ ತೋರಿಸ್ಲಿಕ್ಕೆ ಬೇಕಲ್ಲ?"