ಬೇರಿನ ಕಟ್ಟಿಗೆ ಬೇಡವೆಂದ ಖಾನಾವಳಿ ಅಕ್ಕ

ಖಾನಾವಳಿ ಅಕ್ಕನ ಬಲಗೈಯಲ್ಲಿ ಮೊಣಕೈಯವರೆಗೆ ಒಂದು ಕೂದಲೂ ಇರಲಿಲ್ಲ. ವರ್ಷಗಟ್ಟಲೆ ಉರಿಗೆ ಕೈಯೊಡ್ಡಿ ರೊಟ್ಟಿ ಸುಟ್ಟು ಸುಟ್ಟು ಆ ಚರ್ಮ ಹಂಚಿನಂತೆ ನುಣುಪಾಗಿತ್ತು. ಎಂಬತ್ತರ ದಶಕದ ಕೊನೆಗೆ ನಾನು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಂದು ಬೀಜದ ಕಂಪನಿಯೊಂದರಲ್ಲಿ ಕಾರಕೂನನಾದಾಗ ಅವರ ಪಡಸಾಲೆಯಲ್ಲೇ ಎರಡು ಹೊತ್ತು ಉಣ್ಣುತ್ತಿದ್ದೆ. ಗಂಡ ತೀರಿದ ಮೇಲೆ ತಂಗಿಯನ್ನು ಜೊತೆಗಿಟ್ಟುಕೊಂಡು ಅವರೇ ನಡೆಸುತ್ತಿದ್ದ ಖಾನಾವಳಿ ಅದು. ತಾಟಿನಲ್ಲಿ ಪಲ್ಯ ಬಿಟ್ಟವರನ್ನು ಬೈಯುತ್ತಿರಲಿಲ್ಲ. ಎದುರು ನಿಂತು, ಉಪ್ಪು ಹೆಚ್ಚಾಯಿತೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಬಿಟ್ಟವರು ನಾಚಿ ಉಂಡೇ ಏಳುತ್ತಿದ್ದರು.

ಒಲೆಗೆ ಕಟ್ಟಿಗೆ ಹಲಗೇರಿ ಹಾದಿಯ ಗುಡ್ಡದಿಂದ ತಲೆಹೊರೆಯಲ್ಲಿ ಬರುತ್ತಿತ್ತು. ತರುವ ಹೆಣ್ಣುಮಗಳು ಮೊದಮೊದಲು ಬೆಳಗಿನ ಚಹಾದ ಹೊತ್ತಿಗೇ ಹೊರೆ ಇಳಿಸುತ್ತಿದ್ದಳು. ಬರಬರುತ್ತ ತಡವಾಗತೊಡಗಿತು. ಒಂದು ದಿನ ನಾವೆಲ್ಲ ಹಸಿದು ಕುಳಿತಿದ್ದಾಗ ಬಂದಳು. ಅಕ್ಕ ಸಿಟ್ಟಾದರು. ಆಕೆ ತಲೆಯ ಸಿಂಬಿ ತೆಗೆದು ಮುಖ ಒರೆಸಿಕೊಂಡು, “ಗುಡ್ಡ ಅಲ್ಲೇ ಐತ್ರಿ ಅಕ್ಕಾರ, ಕಟ್ಟಿಗಿ ದೂರ ಹೋಗೈತಿ” ಎಂದಳು. ಹೊರೆಯಲ್ಲಿದ್ದದ್ದು ಕೊಂಬೆಯಲ್ಲ, ಮಣ್ಣು ಮೆತ್ತಿದ ಬೇರು.

ಮರುದಿನ ಅಕ್ಕ ಅಡುಗೆಯನ್ನು ತಂಗಿಗೆ ಒಪ್ಪಿಸಿ ಆಕೆಯ ಜೊತೆ ಗುಡ್ಡಕ್ಕೆ ಹೋದರು. ಕಂಡದ್ದನ್ನು ಸಂಜೆ ಬಡಿಸುತ್ತಲೇ ಹೇಳಿದರು. ದೊಡ್ಡ ಮರಗಳು ಇಟ್ಟಂಗಿ ಭಟ್ಟಿಗಳಿಗೆ ಹೋಗಿದ್ದವು, ಕೊಂಬೆಗಳು ಪೇಟೆಯ ಒಲೆಗಳಿಗೆ. ಚಿಗುರಿದ್ದನ್ನು ಆಡುಗಳು ಮೇದಿದ್ದವು. ಈಗ ಹೆಂಗಸರು ಗುದ್ದಲಿ ಹಿಡಿದು ನೆಲದಲ್ಲುಳಿದ ಬೊಡ್ಡೆಗಳನ್ನೇ ಬೇರುಸಹಿತ ಅಗೆಯುತ್ತಿದ್ದರು. ಅಗೆದಲ್ಲೆಲ್ಲ ಮಣ್ಣು ಮಳೆಗೆ ಕೊಚ್ಚಿಹೋಗಿ ಕೆರೆಯಲ್ಲಿ ಕೂತಿತ್ತು. ಕೆರೆಯ ಕೆಳಗಿನ ಬಾವಿಗಳು ಬೇಸಿಗೆಗೆ ಮೊದಲೇ ಬತ್ತುತ್ತಿದ್ದವು.

“ಅದರಾಗ ನನ್ನ ಒಲೀದೂ ಪಾಲೈತಿ” ಎಂದಷ್ಟೇ ಅಂದು ಅಕ್ಕ ಒಳಗೆ ಹೋದರು.

ಇನ್ನು ಬೇರಿನ ಕಟ್ಟಿಗೆ ಬೇಡ ಎಂದಾಗ ಆ ಹೆಣ್ಣುಮಗಳು ಹೊಸ್ತಿಲಲ್ಲೇ ಕುಳಿತುಬಿಟ್ಟಳು.

“ಬ್ಯಾಡಂದ್ರ ನಾವೇನ ಉಣ್ಣೂನ್ರಿ?”

ಅಕ್ಕ ಆಕೆಯನ್ನು ಒಳಗೆ ಕರೆದರು. ಆಕೆಗೆ ಊಟ ಬಡಿಸಿದರು. ಆಕೆ ಉಣ್ಣುವವರೆಗೂ ಎದುರಿಗೇ ಕುಳಿತಿದ್ದು, ಕೈತೊಳೆಯುವ ಹೊತ್ತಿಗೆ ಹೇಳಿದರು: “ಹೊಲದಾಗ ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿ ಸುಮ್ನ ಸುಡತಾರಲ್ಲ, ಅದನ್ನ ತಾ. ನಾ ತಗೋತೇನಿ. ಬೇರು ಮಾತ್ರ ಮುಟ್ಟಬ್ಯಾಡ.”

ಹೇಳಿದಷ್ಟು ಸುಲಭವಿರಲಿಲ್ಲ. ಹತ್ತಿ ಕಟ್ಟಿಗೆ ಭಗ್ಗೆಂದು ಉರಿದು ಆರಿಬಿಡುತ್ತಿತ್ತು. ರೊಟ್ಟಿ ಹೊರಗೆ ಸೀದು ಒಳಗೆ ಹಸಿಯಾಗಿರುತ್ತಿತ್ತು. ಊಟದವರಲ್ಲಿ ಅರ್ಧ ಜನ ಬೇರೆ ಖಾನಾವಳಿ ಹಿಡಿದರು. ಹಳೆಯ ಕಟ್ಟಿಗೆಯನ್ನೇ ತರಿಸೆಂದು ತಂಗಿ ಅತ್ತಳು. ಅಕ್ಕ ಒಲೆ ಒಡೆದು ಕಟ್ಟಿದರು, ಮತ್ತೆ ಒಡೆದರು. ಕಡೆಗೆ ಬಾಯಿ ಕಿರಿದು ಮಾಡಿ, ಒಳಗೆ ಕಬ್ಬಿಣದ ಜಾಲರಿ ಇಟ್ಟು, ಹೊಗೆಗೆ ಕೊಳವೆ ಹಾಕಿಸಿ, ಹತ್ತಿ ಕಟ್ಟಿಗೆಯ ಮೇಲೆ ಎಣ್ಣೆ ಮಿಲ್ಲಿನ ಶೇಂಗಾ ಹೊಟ್ಟನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ಹೋದಾಗ ಉರಿ ಹದಕ್ಕೆ ಬಂತು. ಅಂದು ರೊಟ್ಟಿ ಉಬ್ಬಿದಾಗ ತಂಗಿ ಅಡುಗೆಮನೆಯಿಂದಲೇ ನಮ್ಮನ್ನೆಲ್ಲ ಕೂಗಿ ಕರೆದಳು.

ಆಮೇಲೆ ಅಕ್ಕ ಪೇಟೆಯ ಚಹಾ ಅಂಗಡಿಗಳವರನ್ನೂ ಉಳಿದ ಖಾನಾವಳಿಯವರನ್ನೂ ಕರೆದು ಒಲೆ ತೋರಿಸಿದರು. ಕೆಲವರು ನಕ್ಕರು, ಹಲವರು ಕಟ್ಟಿಸಿಕೊಂಡರು. ಬೇರಿನ ಹೊರೆಗೆ ಗಿರಾಕಿ ಕಡಿಮೆಯಾಯಿತು, ಹೊಲದ ಕಟ್ಟಿಗೆಯ ಹೊರೆಗೆ ಹೆಚ್ಚಾಯಿತು. ಆದರೆ ಗುಡ್ಡದ ಬುಡದ ಊರಿನ ಹಿರಿಯರ ಮುಂದೆ ನಿಂತು, ಗುಡ್ಡದ ಒಂದು ಮಗ್ಗುಲಿಗೆ ಆಡು ಬಿಡಬಾರದು, ಅಲ್ಲಿನ ಹುಲ್ಲನ್ನು ಕೊಯ್ದು ತಂದು ಹಾಕೋಣ ಎಂದು ಒಪ್ಪಿಸಿದ್ದು ಅಕ್ಕನಲ್ಲ, ಕಟ್ಟಿಗೆ ತರುತ್ತಿದ್ದ ಆ ಹೆಣ್ಣುಮಗಳೇ. ಉಳಿದ ಬೊಡ್ಡೆಗಳು ಮುಂದಿನ ಮಳೆಗೆ ಚಿಗುರಿದವು. ಬರಿದಾದ ಕಡೆ ಹೆಂಗಸರು ಬೇವು, ಹೊಂಗೆ ನೆಟ್ಟರು.

ತೊಂಬತ್ತರ ದಶಕದ ಕೊನೆಯ ಬೇಸಿಗೆಯೊಂದರಲ್ಲಿ ಅಕ್ಕನನ್ನು ಆಟೋದಲ್ಲಿ ಆ ಗುಡ್ಡಕ್ಕೆ ಕರೆದೊಯ್ದೆ. ಎದೆರೋಗದಿಂದ ಹತ್ತಲಾಗದೆ ಬುಡದಲ್ಲೇ ಕುಳಿತರು. ಕಟ್ಟಿಗೆ ತರುತ್ತಿದ್ದ ಆ ಗೆಳತಿ ಹತ್ತಿ ಹೋಗಿ, ಮೇಲೆ ಮತ್ತೆ ಬೆಳೆದಿದ್ದ ಪೊದೆಗಳಿಂದ ಸೆರಗಿನ ತುಂಬ ಕವಳಿ ಹಣ್ಣು ತಂದಳು. ಇಬ್ಬರೂ ಬಾಯಿ ಕಪ್ಪಾಗುವಷ್ಟು ತಿಂದರು.

ಮಳೆಗಾಲ ಮುಗಿಯುವ ಮೊದಲೇ ಅಕ್ಕ ತೀರಿಕೊಂಡರು. ಈಗ ಯಾರ ಕೆಲಸವನ್ನಾದರೂ ತಪ್ಪೆಂದು ನಿಲ್ಲಿಸಬೇಕೆನಿಸಿದಾಗ, ಅವರ ಊಟಕ್ಕೆ ಬೇರೆ ದಾರಿ ಯಾವುದೆಂದು ನಾನು ಮೊದಲು ಯೋಚಿಸುತ್ತೇನೆ. ಇದು ಅಕ್ಕನಿಂದ ನಾನು ಪಡೆದದ್ದು.