ಉಪಗ್ರಹಕ್ಕೆ ಕಾಣದ ಗದ್ದೆ

ನನ್ನ ಹೆಂಡತಿ ಗಿರಿಜಾ ಸಿಗಡಿ ತಿನ್ನುವುದಿರಲಿ, ಮುಟ್ಟಿದವಳೂ ಅಲ್ಲ. ಆದರೆ ಸಿಗಡಿ ಸಾಕುವ ಕೊಳಗಳನ್ನು ಕರಾವಳಿಯಲ್ಲಿ ಎಲ್ಲೆಲ್ಲಿ ತೋಡಬಹುದು ಎಂದು ಗುರುತಿಸುವುದೇ ಅವಳ ನೌಕರಿ! ಅದೂ ಎಲ್ಲಿ ಕೂತು? ಸಮುದ್ರದ ಗಾಳಿಯೂ ಸುಳಿಯದ ನಮ್ಮ ಮೈಸೂರಿನಲ್ಲಿ.

(ನಮ್ಮಮ್ಮ ‘ಸೊಸೆ ಮ್ಯಾಪ್ ಬರೀತಾಳೆ’ ಎಂದಷ್ಟೇ ಹೇಳುತ್ತಾರೆ. ಯಾತರ ಮ್ಯಾಪು ಎಂದು ಪಕ್ಕದ ಮನೆಯವರು ಕೇಳಿದರೆ ಮಾತು ಮಜ್ಜಿಗೆಹುಳಿಗೆ ತಿರುಗುತ್ತದೆ. ವಿಭೂತಿ ಹಚ್ಚುವ ಮನೆ ನೋಡಿ.)

ಸುಲಭದ ಕೆಲಸ ಎಂದುಕೊಂಡಿದ್ದೆ. ಉಪಗ್ರಹ ಮೇಲಿಂದ ಫೋಟೊ ತೆಗೆದು ಕೊಡುತ್ತದೆ. ಉಪ್ಪುನೀರು ಬಂದುಹೋಗುವ ಜಾಗ, ಜೇಡಿಮಣ್ಣು, ಹತ್ತಿರ ರಸ್ತೆ. ಇಷ್ಟಿದ್ದು ನೆಲ ಖಾಲಿಯಿದ್ದರೆ ಹಳದಿ ಬಣ್ಣ ತುಂಬಿದರಾಯಿತು.

ಈ ಆಷಾಢದಲ್ಲಿ ಅವಳು ಒಂದು ಕಡೆ ಬಣ್ಣ ತುಂಬದೆ ಕೂತುಬಿಟ್ಟಳು. ಕುಮಟಾ ಕಡೆ ಹೊಳೆ ಸಮುದ್ರ ಸೇರುವಲ್ಲಿನ ಬಯಲು. ಫೋಟೊದಲ್ಲಿ ಬರೀ ಕೆಸರು. ಕೆಸರಿನ ನಡುವೆ ಸಣ್ಣ ಸಣ್ಣ ಗೆರೆಗಳು.

“ಬದುಗಳು ಕಣ್ರೀ. ಖಾಲಿ ಜಾಗಕ್ಕೆ ಯಾರಾದ್ರೂ ಬದು ಹಾಕ್ತಾರಾ?”

ಫೋಟೊ ಏಪ್ರಿಲ್ ತಿಂಗಳದ್ದು. ಮಳೆಗಾಲದಲ್ಲಿ ಮೋಡ ಅಡ್ಡ ಬಂದು ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಹಾಗಾಗಿ ಎಲ್ಲ ಮ್ಯಾಪುಗಳೂ ಬೇಸಿಗೆಯ ಫೋಟೊ ನೋಡಿಯೇ ತಯಾರಾಗುತ್ತವೆ!

“ಇದೊಂದಕ್ಕೆ ಮಳೇಲಿ ಅಲ್ಲಿಗೆ ಹೋಗ್ತೀರೇನಮ್ಮ? ಖಾಲಿ ಅಂತ ಬರ್ದು ಸೈನ್ ಹಾಕ್ಬುಡಿ” ಎಂದರು ಅವಳ ಸಾಹೇಬರು.

ಸೈನ್ ಹಾಕಿದರೆ ಆ ಬಯಲಿಗೆ ಬುಲ್ಡೋಜರ್ ಇಳಿಯುತ್ತದೆ. ಹಾಕದಿದ್ದರೆ ಇವಳ ಕಾಂಟ್ರಾಕ್ಟ್ ನೌಕರಿಗೇ ಕುತ್ತು. ನನಗಂತೂ ಭಯವಾಯಿತು. ಧೈರ್ಯ ಹೇಳಿದ್ದು ಯಾರು ಗೊತ್ತೇ? ಅಮ್ಮ!

“ಯಾರ್ದೋ ಅನ್ನದ ಗದ್ದೆ ಆಗಿದ್ರೆ ಏನ್ ಮಾಡ್ತೀಯ? ಹೋಗಿ ನೋಡ್ಕಂಡ್ ಬಂದ್ಬುಡು ಕಣಮ್ಮ. ಛತ್ರಿ ತಗೊ.”

ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಹೊರಟೇಬಿಟ್ಟಳು. ರಜೆ ಸಿಗುವಷ್ಟರಲ್ಲಿ ಶ್ರಾವಣ ಮುಗಿಯುತ್ತ ಬಂದಿತ್ತು. ಮಾರನೇ ದಿನ ಎಸ್‌ಟಿಡಿ ಬೂತಿನಿಂದ ಫೋನ್. ಮಳೆಯ ಸದ್ದಿಗಿಂತ ಇವಳ ಸದ್ದೇ ಜೋರು.

“ಗದ್ದೆ ಕಣ್ರೀ, ಗದ್ದೆ! ನನ್ನ ಸೊಂಟದವರೆಗೆ ಭತ್ತ! ಉಪ್ಪುನೀರಲ್ಲೇ ಬೆಳೆಯೋ ಭತ್ತವಂತೆ, ಕಗ್ಗ ಅಂತಾರೆ!”

ನಾನು ರಿಸೀವರ್ ಹಿಡಿದೇ ಕುಣಿದೆ. ಅಮ್ಮ ದೇವರಮನೆಗೆ ಹೋಗಿ ದೀಪ ಹಚ್ಚಿದರು.

ಮೊನ್ನೆ ಮೀಟಿಂಗ್. ಗಿರಿಜಾ ಉಪಗ್ರಹದ ಫೋಟೊ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತಾನು ಭತ್ತದ ನಡುವೆ ನಿಂತು ತೆಗೆಸಿಕೊಂಡ ಫೋಟೊ ಇಟ್ಟಳು. ಗದ್ದೆಗಳು ಮ್ಯಾಪಿನಿಂದ ಹೊರಗೆ! ಕೊಳಗಳಿಗೆ ಜಾಗವನ್ನೂ ಅವಳೇ ತೋರಿಸಿದಳು. ಹೊಳೆಯ ಆಚೆ ದಡದಲ್ಲಿ, ಉಪ್ಪು ತೆಗೆಯುವುದು ನಿಂತು ವರ್ಷಗಳಾಗಿ ಪಾಳುಬಿದ್ದ ನೆಲವಿತ್ತು.

“ಇನ್ಮೇಲೆ ಮಳೆಗಾಲದಲ್ಲೂ ಒಂದ್ಸಲ ನೋಡ್ಕಂಡು ಬಂದೇ ಬಣ್ಣ ತುಂಬ್ಬೇಕು ಕಣ್ರಪ್ಪಾ” ಎಂದು ಸಾಹೇಬರೇ ಎಲ್ಲರಿಗೂ ಹೇಳಿದರಂತೆ. ಕಾಂಟ್ರಾಕ್ಟೂ ಮುಂದುವರಿಯಿತು. ಹೆಮ್ಮೆ ಎಂದರೆ ಹೆಮ್ಮೆ, ಮುಚ್ಚಿಡುವುದೇನು ಬಂತು?

ಅಂದಹಾಗೆ, ನಮ್ಮೂರಿನ ದಟ್ಟಗಳ್ಳಿಯಲ್ಲಿ ನಮಗೆ ಸೈಟು ತೋರಿಸಿದ ಬ್ರೋಕರ್ ಕೂಡ “ಫುಲ್ ಖಾಲಿ ಸಾರ್” ಎಂದಿದ್ದ. ಆಗ ಫೆಬ್ರವರಿ. ರಾಗಿಯ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು.

ನಿಮ್ಮ ಸೈಟನ್ನು ನೀವು ಯಾವ ತಿಂಗಳಲ್ಲಿ ನೋಡಿದಿರಿ?