ಚಾವಣಿ ಒಂದು ಮಳೆ ಕಾಣಲಿ

ಈ ಸೃಷ್ಟಿಯಲ್ಲಿ ಯಾವ ವಸ್ತುವೂ ನಾಶವಾಗುವುದಿಲ್ಲ, ಬರಿಯ ರೂಪ ಬದಲಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹೇಳಿದವರು ನಮ್ಮ ಮನೆಯ ಹಿತ್ತಲನ್ನು ನೋಡಿದವರಲ್ಲ. ಅಲ್ಲಿ ಯಾವ ವಸ್ತುವೂ ನಾಶವಾಗುತ್ತಿರಲಿಲ್ಲ, ಅದು ಖರೆ. ಆದರೆ ರೂಪವನ್ನೂ ಬದಲಿಸುತ್ತಿರಲಿಲ್ಲ. ಇಟ್ಟದ್ದು ಇಟ್ಟಲ್ಲೇ ಬಿದ್ದಿರುತ್ತಿತ್ತು, ಮತ್ತು ಅದರ ಮೇಲೆ ಅಪ್ಪನ ಒಂದು ಕಣ್ಣು ಇರುತ್ತಿತ್ತು.

ಹತ್ತೊಂಬತ್ತುನೂರಾ ಇಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪ ಕಚೇರಿಯ ಚಾಕರಿ ಮುಗಿಸಿ ಪೆನ್ಷನ್ ಹಿಡಿದಿದ್ದ. ನಾನು ಬೆಳಗಾವಿಯಲ್ಲೇ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಕೋಟೆಯ ಖಂದಕದಿಂದ ಕೂಗಳತೆಯಲ್ಲಿದ್ದ ನಮ್ಮ ಮನೆಗೆ ಅಜ್ಜನ ಕಾಲದ ನಾಡಹಂಚಿನ ಚಾವಣಿಯಿತ್ತು. ನಡುವೆ ಮುದಿ ಎತ್ತಿನ ಬೆನ್ನಿನಂತೆ ಬಾಗಿತ್ತು. ಅದನ್ನು ಇಳಿಸಿ, ರೈಲಿನಲ್ಲಿ ಬರುತ್ತಿದ್ದ ಮಂಗಳೂರು ಹಂಚು ಹೊದಿಸಬೇಕೆಂದು ಅಪ್ಪ ನಿಶ್ಚಯಿಸಿದ. ಹೋಳಿ ಹುಣ್ಣಿಮೆ ಕಳೆದ ಮೇಲೆ ಕೆಲಸ ಶುರುವಾಯಿತು.

ಊರಿನಲ್ಲಿ ಬೇರೆ ಯಾರೇ ಮನೆ ಕೆಡವಿದರೂ ಗಾಡಿಗಟ್ಟಲೆ ಮಣ್ಣು, ಕಲ್ಲು, ಮುರಿದ ಹಂಚು ಖಂದಕದ ಅಂಚಿಗೆ ಹೋಗಿ ಬೀಳುತ್ತಿತ್ತು. ನಮ್ಮ ಮನೆಯಿಂದ ಒಂದು ಬುಟ್ಟಿಯೂ ಹೊರಗೆ ಹೋಗಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಪ್ಪ, ನ್ಯಾಯಾಧೀಶ ಆರೋಪಿಗಳನ್ನು ವಿಚಾರಿಸುವಂತೆ, ಇಳಿದು ಬಂದ ಒಂದೊಂದು ವಸ್ತುವನ್ನೂ ವಿಚಾರಿಸುತ್ತಿದ್ದ. ಆದರೆ ಆ ನ್ಯಾಯಾಲಯದಲ್ಲಿ ಗಡೀಪಾರಿನ ಶಿಕ್ಷೆಯೇ ಇರಲಿಲ್ಲ. ಹಳೆ ಗೋಡೆಯ ಮಣ್ಣನ್ನು ಜರಡಿ ಹಿಡಿದು, ನೀರು ಹುಲ್ಲು ಸೇರಿಸಿ ತುಳಿಸಿ, ಹೊಸ ಗೋಡೆಗೆ ಏರಿಸಿದರು. ಒಡೆದ ಹಂಚಿನ ಚೂರು ಕುಟ್ಟಿ ಪುಡಿಯಾಗಿ ಗಾರೆಯೊಳಗೆ ಸೇರಿತು. ಹಿತ್ತಲ ಬಾಗಿಲಿನ ಹಲಗೆ ಹಿಟ್ಟಿನ ಡಬ್ಬಿ ಇಡುವ ನಾಗಂದಿಗೆಯಾಯಿತು. ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುವ ಕೆಲಸ ಬಡಿಗನಿಗೆ ಬಿತ್ತು.

"ಸಾಹೇಬ್ರ, ಈ ಮೊಳಿ ನೆಟ್ಟಗ ಮಾಡೂದ್ರಾಗ ನಾನ ಡೊಂಕ ಆಗೇನ್ರಿ," ಎಂದ ಅವನು ಸೊಂಟ ಹಿಡಿದುಕೊಂಡು.

"ಮೊಳಿ ಡೊಂಕಾದ್ರ ನೆಟ್ಟಗ ಮಾಡಬಹುದು. ನಿನ್ನ ಡೊಂಕು ನಿನ್ನ ಹೆಂಡ್ತಿ ನೋಡ್ಕೋತಾಳ. ಬಡಿ."

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಇನ್ನ ಧೂಳೊಂದು ಉಳದದ ನೋಡ್ರಿ. ಅದನ್ನೂ ಚೀಲದಾಗ ತುಂಬಿ ಬಾಯಿ ಕಟ್ಟಿ ಇಡ್ರಿ."

ಅಪ್ಪನಿಗೆ ಕುಹಕ ತಿಳಿಯುತ್ತಿರಲಿಲ್ಲವೋ, ತಿಳಿದೂ ಉಪಯೋಗಿಸಿಕೊಳ್ಳುತ್ತಿದ್ದನೋ, ನನಗೆ ಇಂದಿಗೂ ಗೊತ್ತಿಲ್ಲ. ಸಂಜೆಗೆ ಧೂಳನ್ನು ಗುಡಿಸಿ ಚೀಲಕ್ಕೆ ತುಂಬಿಸಿದ. ಒಳಗೋಡೆಯ ನುಣುಪಿಗೆ ಅದು ಬೇಕಂತೆ. "ಯಾವ ವಸ್ತುನೂ ಚೆಲ್ಲಬಾರದು. ಇವತ್ತಿಲ್ಲ ನಾಳೆ ಅದಕ್ಕೊಂದು ಕೆಲಸ ಹುಟ್ಟತದ," ಎಂದ. ಈ ಮಾತನ್ನು ಅವನು ಮಂತ್ರ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಅವನ ಮಾತು ಸುಳ್ಳಾದದ್ದನ್ನು ನಾನು ನೋಡಿಲ್ಲ.

ಕೊನೆಗೆ ಕೆಲಸ ಹುಟ್ಟದೆ ಉಳಿದದ್ದು ಎರಡೇ. ಒಡೆಯದೆ ಇಳಿದ ನಾಡಹಂಚಿನ ಒಂದು ದೊಡ್ಡ ಒಟ್ಟಲು, ಮತ್ತು ಹಳೆ ಚಾವಣಿಯ ಸಾಗವಾನಿ ಜಂತಿಗಳು. ಜಂತಿಗಳು ಹೊಗೆ ಕುಡಿದು ಕರ್ರಗಾಗಿದ್ದವು, ಆದರೆ ಬಡಿದರೆ ಗಂಟೆಯಂತೆ ನಾದ ಕೊಡುತ್ತಿದ್ದವು. ಹುಳ ಮುಟ್ಟಿರಲಿಲ್ಲ. ಅವನ್ನು ಹೊಸ ಪಡಸಾಲೆಯೊಳಗೆ ಗೋಡೆಗುಂಟ ಒಟ್ಟಿದರು. ಹಂಚು ಹಿತ್ತಲಲ್ಲಿ ಕೂತಿತು.

ಅವಕ್ಕೆ ಕೆಲಸ ಖಾನಾಪುರದಲ್ಲಿತ್ತು.

ಅಪ್ಪನ ಒಬ್ಬಳೇ ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಅವಳ ಗಂಡ, ನಾವು ಮಾಮ ಎನ್ನುತ್ತಿದ್ದವರು, ನಂದಗಡದ ಸಂತೆಯಲ್ಲಿ ಅರಿವೆಯ ಗಂಟು ಬಿಚ್ಚಿ ವ್ಯಾಪಾರ ಮಾಡುತ್ತಿದ್ದರು. ಹಿಂದಿನ ಮಳೆಗಾಲ ಸಂತೆಯಲ್ಲಿ ನೆನೆದು ಬಂದವರು ಕೆಮ್ಮು ಹಿಡಿದು ಮಲಗಿದ್ದರು, ಇನ್ನೂ ಎದ್ದಿರಲಿಲ್ಲ. ಮಕ್ಕಳಿಲ್ಲ. ಯುಗಾದಿ ಮುಗಿಸಿ ಅಪ್ಪ ಮತ್ತು ನಾನು ರೈಲು ಹತ್ತಿ ನೋಡಲು ಹೋದೆವು.

ಅವರ ಮನೆಯಲ್ಲಿ ಇದ್ದದ್ದು ಒಂದು ಅಡುಗೆ ಮನೆ, ಒಂದು ಕೋಣೆ. ಕೋಣೆಯ ಹಂಚಿನ ಮೇಲೆ ಕಾಡಿನ ಮಂಗಗಳು ವರ್ಷವಿಡೀ ಕುಸ್ತಿ ಆಡಿದ್ದವು. ಕೆಳಗಿನ ಜಂತಿ ಕೊಳೆತು, ಕೈಯಿಟ್ಟರೆ ಬೆರಳಿಗೆ ಅಂಟಿ ಬರುತ್ತಿತ್ತು. ಮಲಗಿದಲ್ಲಿಂದ ಮಾಮನವರಿಗೆ ಆಕಾಶ ಕಾಣುತ್ತಿತ್ತು.

"ನೋಡ್ರಿ ಭಾವಾ, ನಾ ಹಾಸಿಗಿ ಬಿಟ್ಟು ಏಳಲಾರದನ ತಾರಾಬಲ ನೋಡ್ಕೋತೀನಿ," ಎಂದು ನಕ್ಕರು. ನಗು ಕೆಮ್ಮಿನಲ್ಲಿ ಮುಗಿಯಿತು.

ಅತ್ತೆ ಹೊರಗೆ ಬಂದು ಮೆಲ್ಲಗೆ ಹೇಳಿದಳು. "ಬ್ಯಾಸಿಗಿ ಇರೂತನಕ ಚಿಂತಿ ಇಲ್ಲಣ್ಣಾ. ತಂಪು ಹತ್ತಿದ್ರ ಈ ಎದಿ ತಡಿಯೂದಿಲ್ಲ, ಕೋಣಿ ಬೆಚ್ಚಗಿಡ್ರಿ ಅಂತ ಡಾಕ್ಟರು ಹೇಳ್ಯಾರ."

ಅಪ್ಪ ತಲೆಯೆತ್ತಿ ಮೂಲೆ ಮೂಲೆ ನೋಡಿದ. ಚಾವಣಿಯ ವಿಷಯದಲ್ಲಿ ಅವನಾಗ ಪಂಡಿತ. "ನಮ್ಮ ಹಂಚು ಅದಾವ. ಸಾಗವಾನಿ ಜಂತಿ ಅದಾವ. ಎಲ್ಲಾ ನಿನಗ. ಮಿರಗದ ಮಳಿ ಬರೂದ್ರಾಗ ಈ ಕೋಣಿ ಹೊದಿಸಿ ಕೊಡ್ತೀನಿ," ಎಂದ. ಅತ್ತೆ ಅಣ್ಣನ ಕಾಲು ಮುಟ್ಟಿ ನಮಸ್ಕರಿಸಿದಳು.

ಅದೇ ವಾರ ಖಾನಾಪುರದ ಕುಂಬಾರ ಅವಳ ಬಾಗಿಲಿಗೆ ಬಂದಿದ್ದನಂತೆ. ಅವನದು ಮರಾಠಿ ಬೆರೆತ ಮಾತು. "ಭಟ್ಟಿ ತುಂಬಾಕ ಹತ್ತೇನ್ರಿ ತಾಯಿ, ನಿಮಗ ಹಂಚು ಪಾಹಿಜೆ ಕಾಯ್, ಬೇಕೇನ್ರಿ? ಮಿರಗ ಕೂಡಿತಂದ್ರ ನಾ ಸುಡೂದಿಲ್ಲ." ಅತ್ತೆ ಹೆಮ್ಮೆಯಿಂದಲೇ ಹೇಳಿ ಕಳಿಸಿದಳು: "ಬ್ಯಾಡಪಾ. ನಮ್ಮ ಅಣ್ಣನ ಮನಿ ಹಂಚು ಬರತಾವ."

ಬೆಳಗಾವಿಯ ಹೊಸ ಚಾವಣಿ ವೈಶಾಖದಲ್ಲಿ ಮುಗಿಯಿತು. ಕೆಂಪು ಹಂಚು ಸಾಲು ಹಿಡಿದು ಕವಾಯತಿನ ಸಿಪಾಯಿಗಳಂತೆ ಕೂತಿತು. ನಾನು ಗಾಡಿಯವನನ್ನು ಮಾತಾಡಿಸಿ ಬಂದೆ. ಅಪ್ಪ ಎಲೆಯಡಿಕೆ ಹಾಕುತ್ತಾ ಕೇಳಿದ:

"ಯಾವ ಗಾಡಿ?"

"ಖಾನಾಪುರಕ್ಕ. ಹಂಚು ಕಳಸೂದಲ್ಲ?"

"ಕಳಸೂಣು. ಆದ್ರ ವಿಚಾರ ಮಾಡು. ಈ ಮಂಗಳೂರು ಹಂಚು ಇನ್ನೂ ಒಂದ ಹನಿ ನೀರು ಕಂಡಿಲ್ಲ. ನಾಳೆ ಸೋರಿದ್ರ? ಹಳೇದು ಕೊಟ್ಟು ಕೂತಿರ್ತೀವಿ, ಹೊಸಾದು ಕೈ ಕೊಟ್ಟಿರತದ. ಚಾವಣಿ ಒಂದು ಮಳಿ ಕಾಣಲಿ. ಆಮ್ಯಾಲ ಎಲ್ಲಾ ಆಕೀದ."

ಈ ಮಾತಿನಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಕಚೇರಿಯಲ್ಲಿ ಆಯುಷ್ಯ ಕಳೆದವನ ಮಾತು, ಎಲ್ಲಿಯೂ ಬಿರುಕಿರಲಿಲ್ಲ. ತಪ್ಪು ಕಂಡದ್ದು ಅವ್ವನಿಗೆ.

"ನಿಮ್ಮ ಚಾವಣಿ ಕಾಣೂ ಮಳಿ ಆಕಿ ಚಾವಣಿ ಕಾಣೂದಿಲ್ಲೇನು? ಅದು ಬ್ಯಾರೆ ಆಕಾಶದ್ದೇನು?"

"ನಿನಗ ತಿಳಿಯೂದಿಲ್ಲ."

"ತಿಳಿಯೂದಿಲ್ಲ ಬಿಡ್ರಿ. ಆ ಹಂಚಿನ ಒಟ್ಟಲಕ್ಕ ದಿನಾ ಎರಡು ಹೂವು ಏರಸ್ತೀನಿ. ಎಷ್ಟಂದ್ರೂ ಮನೀದೇವರಾತು."

ಅಪ್ಪ ಎದ್ದು ಹೋದ. ಅಪ್ಪ ಬದುಕಿದ್ದ ತನಕ ಆ ಮನೆಯಲ್ಲಿ ಒಂದು ಮೊಳೆಯೂ ಅವನ ಅಪ್ಪಣೆಯಿಲ್ಲದೆ ಜಾಗ ಬಿಟ್ಟಿದ್ದಿಲ್ಲ. ಗಾಡಿಯವನಿಗೆ ನಾನೇ ಹೋಗಿ ನಿಲ್ಲು ಎಂದು ಹೇಳಿ ಬಂದೆ.

ಮೃಗಶಿರಾ, ಎಂದರೆ ನಮ್ಮ ಮಿರಗ, ಕೂಡಿತು. ಬೆಳಗಾವಿಯಲ್ಲಿ ನಾಲ್ಕು ಹನಿ ಬಿದ್ದು ಮಣ್ಣಿನ ವಾಸನೆ ಎಬ್ಬಿಸಿ ಹೋಯಿತು. ಅಪ್ಪ ಪಡಸಾಲೆಯಲ್ಲಿ ಮುಖ ಮೇಲೆ ಮಾಡಿ ತಿರುಗಾಡಿದ. "ಇದು ಮಳಿ ಅಲ್ಲ, ಸಡಗರ. ಇದರಾಗ ಪರೀಕ್ಷಾ ಆಗೂದಿಲ್ಲ," ಎಂದು ತೀರ್ಪು ಕೊಟ್ಟ. ಆದರೆ ಬೆಳಗಾವಿಗೆ ಹನಿ ಬೀಳುವ ದಿನ ಖಾನಾಪುರದಲ್ಲಿ ಹಳ್ಳ ಬರುತ್ತದೆ. ಘಟ್ಟ ಅಲ್ಲಿಂದಲೇ ಶುರು. ಇದು ಈ ಸೀಮೆಯ ದನ ಕಾಯುವವರಿಗೂ ಗೊತ್ತಿದ್ದದ್ದು, ಅಪ್ಪನಿಗೂ ಗೊತ್ತಿತ್ತು.

ಸಾಲೆಗೆ ಬಿಡುವಿದ್ದ ದಿನ ನಾನು ರೈಲು ಹತ್ತಿ ಹೋದೆ. ಕೋಣೆಯಲ್ಲಿ ಗಡಿಗೆ, ಪರಾತ, ದೇವರ ಕೊಡ ಸಮೇತ ಮನೆಯಲ್ಲಿದ್ದ ಬಾಯಗಲದ ವಸ್ತುಗಳೆಲ್ಲ ನೆಲಕ್ಕೆ ಇಳಿದಿದ್ದವು. ಒಂದೊಂದಕ್ಕೂ ಒಂದೊಂದು ಸ್ವರ. ಅಡುಗೆ ಮನೆಯ ಒಲೆ ಹೊಗೆಗೆ ಮಾಮನವರ ಉಸಿರು ಕಟ್ಟುತ್ತಿತ್ತು, ಅದಕ್ಕೆ ಅವರ ಹಾಸಿಗೆಯನ್ನು ಕೋಣೆಯಲ್ಲೇ ಎಳೆದೆಳೆದು ಕೊನೆಗೆ ಮೂಲೆಗೆ ತಂದಿದ್ದರು; ಅದರ ಬಾಜು ಅಗ್ಗಿಷ್ಟಿಕೆ. ಮಳೆಗಾಲಕ್ಕೆಂದು ಒಟ್ಟಿದ್ದ ಒಣ ಕಟ್ಟಿಗೆಯನ್ನೆಲ್ಲ ಅತ್ತೆ ಆ ಬೆಂಕಿಗೇ ಹಾಕುತ್ತಿದ್ದಳು. ಗೋಡೆಗುಂಟ ನೀರಿಳಿದು ಸುಣ್ಣ ಹಕ್ಕಳೆಯಾಗಿ ಕಿತ್ತು ಬಂದಿತ್ತು.

ಅವಳು ಹಂಚಿನ ಮಾತೇ ಎತ್ತಲಿಲ್ಲ. ಕೊಟ್ಟ ಹೆಣ್ಣು ತವರಿಗೆ ಬಾಯಿಬಿಟ್ಟು ಎರಡನೆಯ ಸಲ ಕೇಳುವುದಿಲ್ಲ. ನನಗೆ ಅವಲಕ್ಕಿ ಕೊಟ್ಟು ಕೇಳಿದ್ದಿಷ್ಟೆ: "ಅಣ್ಣನ ಚಾವಣಿ ಛಲೋ ಕೂತದೇನೋ ತಮ್ಮಾ? ಸೋರೂದಿಲ್ಲಲ್ಲ?"

"ಇನ್ನೂ ದೊಡ್ಡ ಮಳಿ ಆಗಿಲ್ಲ ಅತ್ತೀ."

"ಆಗತದ, ಆಗತದ," ಎಂದಳು, ನನ್ನನ್ನು ಸಮಾಧಾನ ಮಾಡುವವಳಂತೆ.

ಮಾಮ ಮೂಲೆಯಿಂದ ಕರೆದರು. ಅವರ ದನಿ ಗಡಿಗೆಯೊಳಗಿನ ಹನಿಗಿಂತ ಸಣ್ಣದಾಗಿತ್ತು. "ಮಂಗಳೂರು ಹಂಚು ಬೆಳಗಾವಿಗೆ ಬಂದು ಮುಟ್ಟಿತಂತ. ಬೆಳಗಾವಿ ಹಂಚು ಖಾನಾಪುರಕ್ಕ ಬರೂದು ಭಾಳ ದೂರ ಆತೇನೋ ಮಾಸ್ತರಾ? ಸಾಲಿಯೊಳಗ ನಕಾಶ ಕಲಸ್ತೀಯಲ್ಲ, ನೋಡಿ ಹೇಳು."

ನಾನು ಸಂಜೆ ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದೆ. ಅಪ್ಪ ಎದ್ದು ಹೋಗಿ ಜಂತಿಗಳನ್ನು ಮುಟ್ಟಿ ನೋಡಿದ. ಆಮೇಲೆ ಅವುಗಳ ಮೇಲೆ ಗೋಣಿ ಹೊದಿಸಿದ, ಥಂಡಿ ಹತ್ತದಿರಲೆಂದು. "ಇನ್ನೊಂದು ಜಡಿ. ಒಂದ ಒಂದು ಜಡಿ ಮಳಿ ಆಗಲಿ," ಎಂದ.

ಆರಿದ್ರಾ ಮಳೆ ಬೆಳಗಾವಿಯನ್ನು ಹಿಡಿಯಿತು. ಹಗಲೆಲ್ಲ ಸುರಿಯಿತು, ಮರುದಿನವೂ ಬಿಡಲಿಲ್ಲ. ಖಂದಕ ತುಂಬಿತು. ಅಪ್ಪ ಏಣಿ ಹಾಕಿಸಿ ಒಂದೊಂದು ಜೋಡಣೆಯನ್ನೂ ಕೈಯಾಡಿಸಿ ನೋಡಿದ. ಅಂಗೈಯನ್ನು ನಮಗೆಲ್ಲ ತೋರಿಸಿದ, ಒಣಗಿತ್ತು. ಅವನ ಮುಖದಲ್ಲಿ ಅಷ್ಟು ಸಂತೋಷ ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. "ಗಾಡಿ ಹೇಳು, ಎರಡು ಗಾಡಿ. ಬಡಿಗಗೂ ಹೇಳು. ನಾ ನಾಳೆ ರೈಲಿಗೆ ಹೋಗಿ ಮುಂದ ನಿಂತು ಹೊದಿಸ್ತೀನಿ," ಎಂದ.

ಒಂದು ಗಾಡಿಗೆ ಹಂಚು, ಇನ್ನೊಂದಕ್ಕೆ ಜಂತಿ ಹೇರಿದೆವು. ಜಂತಿಗಳ ಮೇಲೆ ಅಪ್ಪನೇ ನಿಂತು ತಾಡಪತ್ರಿ ಬಿಗಿಸಿದ. ಒಂದು ಹನಿಯೂ ಒಳಗೆ ಹೋಗಬಾರದು. ನಾನು, ಬಡಿಗ, ಗಾಡಿಯವರು ಅಂದೇ ಹೊರಟೆವು. ರಸ್ತೆ ರಾಡಿಯಾಗಿತ್ತು. ಗಾಲಿ ಹುಗಿದಾಗಲೆಲ್ಲ ಇಳಿದು ನೂಕಿದೆವು. ನಡುವೆ ಒಂದೂರಿನ ಗುಡಿಯ ಕಟ್ಟೆಯಲ್ಲಿ ಮಲಗಿ, ಮರುದಿನ ಹೊತ್ತೇರಿದ ಮೇಲೆ ಖಾನಾಪುರ ಮುಟ್ಟಿದೆವು.

ಅತ್ತೆಯ ಅಂಗಳದಲ್ಲಿ ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಮಾಮ ಬೆಳಗಿನ ಜಾವ ತೀರಿಕೊಂಡಿದ್ದರು. ಅಪ್ಪ ಮೊದಲ ರೈಲಿಗೆ ಬಂದು ಮುಟ್ಟಿದ್ದ. ಕಟ್ಟೆಯ ಮೇಲೆ ಕೂತಿದ್ದ, ತಲೆ ನೆನೆದಿತ್ತು.

ನೆರೆಯ ಹಿರಿಯರೊಬ್ಬರು ತಡೆದು ತಡೆದು ಮಾತು ತೆಗೆದರು. "ಒಂದು ಅಡಚಣ ಐತ್ರಿ. ಕಟ್ಟಿಗಿ. ಸುತ್ತ ಅಡವಿ ಐತಿ ಖರೇ, ಎಲ್ಲಾ ನೀರು ಕುಡದೈತಿ. ನಮ್ಮ ಮನ್ಯಾಗಿನವು ಹಾಕಿದ್ರೂ ಸಾಲೂದಿಲ್ಲ. ಈ ತಾಯಿ ತಮ್ಮ ಕಟ್ಟಿಗಿ ಎಲ್ಲಾ ಯಜಮಾನ್ರನ್ನ ಕಾಸಾಕ ಸುಟ್ಟಾರ..."

ಎಲ್ಲರೂ ಗಾಡಿಯ ಕಡೆ ನೋಡಿದರು. ನೋಡಿ, ನೋಡಿಲ್ಲವೆಂಬಂತೆ ಮತ್ತೆ ನೆಲ ನೋಡಿದರು. ತಾಡಪತ್ರಿಯ ಅಂಚಿನಿಂದ ನೀರು ಇಳಿಯುತ್ತಿತ್ತು.

ಗಾಡಿಯವನು ನೊಗಕ್ಕೆ ಕೈ ಹಾಕಿದ. "ಇಳಸೂಣೇನ್ರಿ?"

"ಹಂಚಷ್ಟ ಇಳಸು," ಎಂದ ಅಪ್ಪ. "ಜಂತಿ ಇಳಸಬ್ಯಾಡ. ಹಂಗ ಹೊಳಿಗೆ ಹೊಡಿ."

ಬಡಿಗ ಚಾವಣಿ ಕಟ್ಟಲು ತಂದ ಗರಗಸದಿಂದ, ಮಲಪ್ರಭೆಯ ದಂಡೆಯ ಮೇಲೆ, ಜಂತಿಗಳನ್ನು ಬೇಕಾದ ಅಳತೆಗೆ ಕೊಯ್ದು ಕೊಟ್ಟ. ಒಳ್ಳೆಯ ಕಟ್ಟಿಗೆ ಎಂದು ಅಲ್ಲಿದ್ದವರೆಲ್ಲ ಒಪ್ಪಿದರು. ಬೀಳುವ ಮಳೆಯಲ್ಲೂ ಬೆಂಕಿ ಒಂದೇ ಸಲಕ್ಕೆ ಹತ್ತಿತು, ಹೊಗೆಯಾಡಲಿಲ್ಲ, ನಡುವೆ ಎಲ್ಲಿಯೂ ಆರಲಿಲ್ಲ.

ಅಸ್ಥಿ ಆಯುವ ದಿನ ಬೂದಿಯಲ್ಲಿ ಒಂದು ಮೊಳೆ ಸಿಕ್ಕಿತು. ಅಷ್ಟೆಲ್ಲ ಕಿತ್ತರೂ ಒಂದು ಒಳಗೆ ಉಳಿದಿತ್ತೆಂದು ಕಾಣುತ್ತದೆ. ಅಪ್ಪ ಅದನ್ನು ಎತ್ತಿ, ಅಂಗೈಯಲ್ಲಿ ಹೊರಳಿಸಿ ನೋಡಿದ. ಡೊಂಕಾಗಿತ್ತು. ಇದ್ದಲ್ಲೇ ತಿರುಗಿ ಇಟ್ಟ.

ಹದಿಮೂರು ದಿನ ಕಳೆದ ಮೇಲೆ ಅವನು ಹೊಸ ಜಂತಿ ಕೊಂಡು ಕೋಣೆ ಹೊದಿಸಿಕೊಡಲು ಹೊರಟ. ಅತ್ತೆ ತಡೆದಳು.

"ಇರಲಿ ಬಿಡಣ್ಣಾ. ನನಗ ಅಡಗಿ ಮನಿ ಸಾಕು. ಅದು ಸೋರೂದಿಲ್ಲ."

"ನಮ್ಮ ಮನಿಗರೇ ಬಾ."

"ನಾಗರಪಂಚಮಿಗೆ ನನ್ನ ಕರಿಯಲಿಕ್ಕ ಗಾಡಿ ಕಳಸ್ತಿದ್ದೆಲ್ಲ. ಈ ಸಲ ಮೊದಲ ಕಳಿಸಿದಿ. ಸಾಕು."

ಅವಳು ಕೊನೆಯ ತನಕ ಖಾನಾಪುರ ಬಿಡಲಿಲ್ಲ. ಹಂಚು ಅವಳ ಅಂಗಳದಲ್ಲಿ ಇಳಿಸಿದಲ್ಲೇ ಉಳಿಯಿತು, ಪಾಚಿ ಹತ್ತಿತು. ಕೋಣೆಯ ಗೋಡೆ ಪುಷ್ಯ ಮಳೆಯಲ್ಲಿ ಬಿತ್ತು. ಬೆಳಗಾವಿಯಲ್ಲಿ ನಮ್ಮ ಹೊಸ ಚಾವಣಿ ಆ ವರ್ಷ ಎಲ್ಲಿಯೂ ಸೋರಲಿಲ್ಲ.